ಠರಾವಿನಿಂದ ದಾಹ ತೀರುವುದಿಲ್ಲ

ಕಕ್ಕೇರಾದ ಯಾವ ಚಹಾದಂಗಡಿ ಮುಂದ ಕುಂತರೂ ಒಂದೇ ಮಾತು: ಸಾಲಿ ಸರಿಯಿಲ್ಲ, ಸರಕಾರ ಸರಿಯಿಲ್ಲ, ಲೀಡರುಗಳು ಸರಿಯಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಅಕ್ಷರಸ್ಥರಿದ್ದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ, ನೂರಕ್ಕೆ 52ರ ಒಳಗೆ. ಬಸವಸಾಗರ ತುಂಬಿ ನಿಂತರೂ ಭೂಮಿಯಿಲ್ಲದವರು ಬೆಂಗಳೂರು, ಮುಂಬೈ ಅಂತ ಗುಳೆ ಹೋಗುವುದು ತಪ್ಪಿಲ್ಲ. ಆದರೆ ಸತ್ಯ ಹೇಳಿದ ಮಾತ್ರಕ್ಕೆ ನಮ್ಮ ಹೊಣೆ ತೀರಿತೇ?

‘ಬರೀ ಬೈತೀರಿ, ಏನರ ಮಾಡಿ ತೋರಸ್ರಿ’ ಎಂದು ಉಳ್ಳವರೂ ಅನ್ನುತ್ತಾರೆ. ಈ ಮಾತಿನ ಬಗ್ಗೆ ಎಚ್ಚರವಿರಲಿ. ಬಾಯಿ ಮುಚ್ಚಿ ದುಡೀರಿ ಎಂಬ ಹಳೇ ಕಟ್ಟಳೆಯೇ ಇಲ್ಲಿ ಹೊಸ ಅಂಗಿ ತೊಟ್ಟು ಬಂದಿದೆ. ಬಂಡಾಯ ಹುಟ್ಟಿದ್ದೇ ಟೀಕೆಯಿಂದ. ಅದನ್ನು ನಾವು ಬಿಡುವುದಿಲ್ಲ. ನಾವು ಕೇಳುವುದಿಷ್ಟೆ: ಕೆಲಸ ಬೇರೆ, ಟೀಕೆ ಬೇರೆ ಅಂತ ನಮಗ ಹೇಳಿಕೊಟ್ಟವರು ಯಾರು?

ಮಹಾಡವನ್ನು ನೆನೆಯೋಣ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. 1924ರಲ್ಲಿ ಮಹಾಡ ಪುರಸಭೆಯೂ ಒಪ್ಪಿತು. ಕಾಗದದ ಮೇಲೆ ಕೆರೆ ತೆರೆಯಿತು, ಬಾಯಿಗೆ ಒಂದು ಹನಿ ಬೀಳಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ ಕೆರೆಯ ನೀರು ಕುಡಿದರು. ಸವರ್ಣರು ನಮ್ಮವರನ್ನು ಹೊಡೆದರು, ಕೆರೆಯನ್ನು ‘ಶುದ್ಧಿ’ ಮಾಡಿದರು. ಅದೇ ವರ್ಷ ಪುರಸಭೆ ತನ್ನ ಠರಾವನ್ನು ಹಿಂದಕ್ಕೆ ಪಡೆಯಿತು. ಠರಾವನ್ನು ಹಿಂದಕ್ಕೆ ಪಡೆಯಬಹುದು, ಕುಡಿದ ನೀರನ್ನು ಹ್ಯಾಂಗ ಪಡೀತಾರ? ಕೋರ್ಟಿನಲ್ಲಿ ಗೆಲ್ಲಲು 1937ರ ತನಕ ಕಾಯಬೇಕಾಯಿತು. ಆದರೆ ಕುಡಿಯಲಿಕ್ಕೆ ಅವರು ಕೋರ್ಟಿನ ದಾರಿ ಕಾಯಲಿಲ್ಲ. ಆ ಒಂದು ಬೊಗಸೆ ನೀರು ಕೆಲಸವೂ ಹೌದು, ಟೀಕೆಯೂ ಹೌದು.

ಅದಕ್ಕೂ ಮೊದಲು, 1848ರಲ್ಲಿ ಫುಲೆ ದಂಪತಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದೂ ಹೀಗೆಯೇ. ಸಮಾಜ ಬದಲಾದ ಮೇಲೆ ತೆರೆದರಾಯಿತು ಅಂತ ಅವರು ಕೂಡಲಿಲ್ಲ.

ಸಾಲಿ ಕಲಿಸೋದು ಸರಕಾರದ ಕೆಲಸ, ಕೇರಿಯಲ್ಲಿ ನಾವು ನಾಲ್ಕು ದೀಪ ಹಚ್ಚಿದರೆ ಕ್ರಾಂತಿ ಆಗತದೇನು ಎಂದು ಗೆಳೆಯರು ಕೇಳುತ್ತಾರೆ. ಸರಕಾರದ ಕೆಲಸ ಹೌದು, ಅದನ್ನು ಕೊರಳಪಟ್ಟಿ ಹಿಡಿದೇ ಕೇಳಬೇಕು. ಆದರೆ ಕ್ರಾಂತಿ ಬರೋತನಕ ಮೂರನೇ ಕ್ಲಾಸಿನ ಹುಡುಗಿ ಮೂರನೇ ಕ್ಲಾಸಿನಾಗೇ ಕಾಯ್ಕೊಂಡು ಕೂಡಂಗಿಲ್ಲ. ಅಪ್ಪ ಅವ್ವನ ಜೋಡಿ ಗುಳೆಗೆ ಹೊಂಟು ಹೋಗತಾಳ.

ಯಾರ ಅಪ್ಪಣೆಯೂ ಬೇಡದ ಕೆಲಸಗಳಿವೆ. ಗುಳೆ ಹೋಗುವ ಮನೆಗಳ ಮಕ್ಕಳ ಹೆಸರು ಬರೆದುಕೊಂಡು ಅವರನ್ನು ಊರಲ್ಲೇ, ಹಾಸ್ಟೆಲಿನಲ್ಲೇ ಉಳಿಸಿಕೊಳ್ಳುವುದು. ಸಂಜೆ ಎರಡು ತಾಸು ಓದಿಸುವುದು. 2013ರ ಉಪಯೋಜನೆ ಕಾಯ್ದೆ ಪ್ರಕಾರ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಹಣ ಮೀಸಲಿರಬೇಕು. ನಮ್ಮೂರಿಗೆ ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂದು ಮಾಹಿತಿ ಹಕ್ಕಿನಡಿ ಒಂದು ಹಾಳೆ ಬರೆದು ಕೇಳುವುದು. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಉತ್ತರ ಕೈಯಲ್ಲಿ ಹಿಡಿದು ಕೂಗಿದ ಘೋಷಣೆಗೆ ಬೇರೆಯೇ ಬಲವಿರುತ್ತದೆ.

ಓದು ಕಲಿತ ನಾವು ಕೇರಿಗೆ ಸಾಲಗಾರರು. ಆ ಸಾಲ ಭಾಷಣದಿಂದ ತೀರುವಂಥದ್ದಲ್ಲ. ನಾಳಿಗಿ ನೋಡೋಣು ಅಂದರೆ ಅದರ ಬಡ್ಡಿಯನ್ನು ಕಟ್ಟುವವರು ನಾವಲ್ಲ, ಆ ಮಕ್ಕಳು.