ಸಂದರ್ಶನವೂ ಸತ್ಯಾಣುವ್ರತವೂ

ಪ್ರಥಮಾನುಯೋಗದ ಗ್ರಂಥಗಳು ಪ್ರಶ್ನೆಯಿಂದ ಆರಂಭವಾಗುವುದು ವಾಡಿಕೆ. ವಿಪುಲಾಚಲದಲ್ಲಿ ಮಗಧದ ಶ್ರೇಣಿಕ ಮಹಾರಾಜನು ಗೌತಮ ಗಣಧರರನ್ನು ವಿನಯದಿಂದ ಕೇಳುತ್ತಾನೆ, ಗಣಧರರು ಉತ್ತರಿಸುತ್ತಾರೆ, ಆ ಉತ್ತರವೇ ಪುರಾಣವಾಗಿ ಹರಿಯುತ್ತದೆ. ಅಲ್ಲಿ ಕೇಳುವವನಿಗೆ ತಿಳಿಯಬೇಕೆಂಬ ಹಂಬಲವಿದೆ, ಹೇಳುವವರಿಗೆ ತಿಳಿಸಬೇಕೆಂಬ ಕರುಣೆಯಿದೆ. ಈ ಇಬ್ಬರ ನಡುವೆ ಮೂರನೆಯವನೊಬ್ಬನು ಕುಳಿತು, ಹೇಳಿದ್ದರಲ್ಲಿ ಇಷ್ಟನ್ನು ಇಟ್ಟು ಅಷ್ಟನ್ನು ತೆಗೆಯುವ ವ್ಯವಸ್ಥೆ ಮಾತ್ರ ಇಲ್ಲ. ಇಂದಿನ ಸಂದರ್ಶನದಲ್ಲಿ ಆ ಮೂರನೆಯವನಿದ್ದಾನೆ. ಅವನ ಧರ್ಮವೇನು ಎಂಬುದು ವಿಚಾರಾರ್ಹ ಪ್ರಶ್ನೆ.

ಭಾರತ ಸರ್ಕಾರವು 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲನ್ನು ತೆರೆಯಿತು. ಬೆಳಗಾವಿ ನಗರದಲ್ಲಿ ಕೆ.ಎಲ್.ಇ. ಸಂಸ್ಥೆಯ ‘ವೇಣುಧ್ವನಿ’ 90.4ರಲ್ಲಿ ಕೇಳಿಬರುತ್ತದೆ. ಇಂತಹ ಕೇಂದ್ರಗಳ ಪ್ರಸಾರಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಅದರ ದನಿ ಹತ್ತು ಹದಿನೈದು ಕಿಲೋಮೀಟರು ಸಾಗುವುದರಲ್ಲಿ ಬಳಲುತ್ತದೆ. ಖಾನಾಪುರ ನಗರದಿಂದ ಸುಮಾರು 25 ಕಿಲೋಮೀಟರು ದೂರ; ಅದರಾಚೆಗೆ ಸಹ್ಯಾದ್ರಿಯ ಬೆಟ್ಟ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಡು. ಬಾನುಲಿಯ ಅಲೆ ತಲುಪದ ಆ ಹಳ್ಳಿಗಳಿಗೆ ಪಾಡ್‌ಕಾಸ್ಟ್ ತಲುಪುತ್ತದೆ. ದೂರವಾಣಿಯೊಂದೇ ಇಂದು ಧ್ವನಿಮುದ್ರಣ ಯಂತ್ರವೂ ಪ್ರಸಾರಕೇಂದ್ರವೂ ಆಗಿರುವುದರಿಂದ, ಬಸದಿಯ ಟ್ರಸ್ಟುಗಳಿಗೂ ಯುವಕ ಮಂಡಳಿಗಳಿಗೂ ಹಿರಿಯರ ಸಂದರ್ಶನವನ್ನು ಮುದ್ರಿಸಿ ಲೋಕಕ್ಕೆ ಕಳುಹಿಸುವುದು ಕಷ್ಟದ ಕೆಲಸವಲ್ಲ. ಕಾರ್ಯ ಸುಲಭವಾದಾಗಲೇ ವಿವೇಕದ ಅಗತ್ಯ ಹೆಚ್ಚುತ್ತದೆ.

ಈ ವಿವೇಕಕ್ಕೆ ಹೊಸ ಶಾಸ್ತ್ರವನ್ನು ಹುಡುಕಬೇಕಾಗಿಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವು ವ್ಯಾಪಾರ ವ್ಯವಹಾರದಲ್ಲಿರುವ ಗೃಹಸ್ಥನನ್ನು ಕುರಿತ ಮಾತುಗಳು. ಆದರೂ ಧ್ವನಿಯನ್ನು ಮುದ್ರಿಸಿ ಕತ್ತರಿಸುವವನ ಕೊಠಡಿಯಲ್ಲಿ ಕುಳಿತೇ ಬರೆದಂತಿವೆ.

ಮೊದಲು ಕೂಟಲೇಖವನ್ನು ನೋಡಬಹುದು. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕಾ ನಗರ. ಅಲ್ಲಿ ದೊರೆತ ತಾಮ್ರಶಾಸನಗಳು ಜೈನರಿಗೆ ಸಂದ ದತ್ತಿಗಳನ್ನು ಸಾರುತ್ತವೆ. ಅಂತಹ ಶಾಸನದಲ್ಲಿ ಒಂದು ಪದವನ್ನು ಕೆರೆದು ತೆಗೆದರೆ ಹೊಲದ ಎಲ್ಲೆಯೇ ಬದಲಾದೀತು. ತಾಮ್ರದ ಮೇಲೆ ಕೆರೆದ ಗುರುತು ಕಣ್ಣಿಗೆ ಬೀಳುತ್ತದೆ. ಧ್ವನಿಯನ್ನು ಕತ್ತರಿಸಿ ಜೋಡಿಸಿದ ಗುರುತು ಕಿವಿಗೆ ಬೀಳುವುದಿಲ್ಲ. ಭೀಮಗಡ ವನ್ಯಧಾಮವು 2011ರಲ್ಲಿ ಘೋಷಿತವಾಯಿತು. ಅದರ ಕಾಡಿನ ಹಳ್ಳಿಯ ವೃದ್ಧೆಯೊಬ್ಬಳು, “ಮೊಮ್ಮಕ್ಕಳಿಗೆ ಶಾಲೆ ಹತ್ತಿರವಾಗುವುದಾದರೆ, ನಮ್ಮ ದೇವರ ಜಾಗಕ್ಕೆ ವರ್ಷಕ್ಕೊಮ್ಮೆ ಬರಲು ಬಿಡುವುದಾದರೆ, ಊರು ಬಿಟ್ಟೇವು” ಎಂದಳೆಂದು ಇಟ್ಟುಕೊಳ್ಳಬಹುದು. ಸಮಯದ ಅಭಾವದಿಂದ ಸಂಕಲನಕಾರನು “ಊರು ಬಿಟ್ಟೇವು” ಎಂಬುದನ್ನಷ್ಟೇ ಉಳಿಸುತ್ತಾನೆ. ಆಡಿದ್ದು ಅವಳೇ, ದನಿಯೂ ಅವಳದೇ, ಒಂದಕ್ಷರವೂ ಸುಳ್ಳಲ್ಲ. ಆದರೂ ಅದು ಕೂಟಲೇಖವೇ. ಏಕೆಂದರೆ ಅವಳ ಮಾತಿನ ‘ಸ್ಯಾತ್’ ಅಲ್ಲಿ ಕತ್ತರಿಗೆ ಬಿದ್ದಿದೆ. ಪ್ರತಿಯೊಂದು ನಿಜವೂ ಯಾವುದೋ ಅಪೇಕ್ಷೆಯಿಂದ ನಿಜ ಎಂದು ಬೋಧಿಸುವ ಸ್ಯಾದ್ವಾದಿಗೆ, ಅಪೇಕ್ಷೆಯನ್ನು ತೆಗೆದು ತೀರ್ಮಾನವನ್ನು ಮಾತ್ರ ಉಳಿಸುವುದು ಸಣ್ಣ ತಪ್ಪಾಗಿ ಕಾಣಲಾರದು.

ಇಲ್ಲಿ ಒಂದು ಆಕ್ಷೇಪ ಸಹಜ. ಎರಡು ಗಂಟೆಯ ಮಾತನ್ನು ಅರ್ಧ ಗಂಟೆಗೆ ಇಳಿಸದೆ ಪ್ರಸಾರ ಸಾಧ್ಯವೇ? ಕೆಮ್ಮು, ಪುನರುಕ್ತಿ, ಮರೆತ ಹೆಸರಿನ ತಡಕಾಟ ಇವೆಲ್ಲ ಉಳಿಯಬೇಕೇ? ಉಳಿಯಬೇಕಾಗಿಲ್ಲ. ಹಿತ ಮಿತ ಪ್ರಿಯವಾದ ಮಾತನ್ನು ವಿಧಿಸುವ ಧರ್ಮವು ಮಿತವನ್ನು ನಿಷೇಧಿಸುವುದು ಹೇಗೆ? ಮಾತು ಕಿರಿದಾಗಬಹುದು, ಅರ್ಥ ಕಿರಿದಾಗಬಾರದು. ಕಿರಿದಾದ ಮಾತನ್ನು ಕೇಳಿ ಆಡಿದವಳು “ಇದು ನನ್ನ ಅಭಿಪ್ರಾಯವೇ” ಎಂದು ಒಪ್ಪುವಳೇ ಎಂಬುದೊಂದೇ ಇದರ ಒರೆಗಲ್ಲು. ಮರಾಠಿ ಅಥವಾ ಕೊಂಕಣಿಯಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತರುವಾಗ ಈ ಒರೆಗಲ್ಲು ಇನ್ನೂ ಅಗತ್ಯ. ಖಾನಾಪುರದ ಕಡೆ ಈ ಸಂದರ್ಭ ಅಪರೂಪವಲ್ಲ.

ಮಿಥ್ಯೋಪದೇಶವು ಪ್ರಶ್ನೆಯಲ್ಲೇ ಅಡಗಿರಬಹುದು. “ಹಿಂದಿನವರು ಬಹಳ ನಿಷ್ಠರು, ಇಂದಿನವರಲ್ಲಿ ಅದಿಲ್ಲ, ಅಲ್ಲವೇ?” ಎಂದು ಕೇಳಿದಾಗ ಹಿರಿಯರು ಸಂಕೋಚದಿಂದ “ಹೌದು” ಎನ್ನುತ್ತಾರೆ. ಆ ಉತ್ತರ ಕೇಳಿದವನದೇ ಹೊರತು ಹೇಳಿದವರದಲ್ಲ. ಸಾಕಾರಮಂತ್ರಭೇದವೆಂದರೆ ಇಂಗಿತ ಚೇಷ್ಟೆಗಳಿಂದ ಪರರ ಅಂತರಂಗವನ್ನು ಊಹಿಸಿ ಬಯಲಿಗೆಳೆಯುವುದು. ಧ್ವನಿಗ್ರಾಹಕದ ಮುಂದೆ ದನಿ ನಡುಗಿದರೆ, ನಿಟ್ಟುಸಿರೊಂದು ಬಂದರೆ, ಅದನ್ನು ಎತ್ತಿ ಹಿಡಿದು ವ್ಯಾಖ್ಯಾನ ಸೇರಿಸುವುದು ಅದೇ ಅಲ್ಲದೆ ಮತ್ತೇನು?

ರಹೋಭ್ಯಾಖ್ಯಾನದ ವಿಷಯ ಇನ್ನೂ ಸೂಕ್ಷ್ಮ. ಮನೆಯ ಹಿರಿಯರು ಸಲ್ಲೇಖನ ಸ್ವೀಕರಿಸಿದ ಕುಟುಂಬವನ್ನು ಮಾತನಾಡಿಸುವ ಪ್ರಸಂಗ ಬರಬಹುದು. ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರವನ್ನು ದಂಡನೀಯವೆಂದು ಬಗೆದುದನ್ನೂ, ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ 31ರಂದು ಆ ಆದೇಶಕ್ಕೆ ತಡೆ ನೀಡಿದುದನ್ನೂ ಸಮಾಜ ಮರೆತಿಲ್ಲ. ಮಗಳೊಬ್ಬಳು ಕೊನೆಯ ದಿನಗಳ ಸಂಕಟವನ್ನು ನಂಬಿಕೆಯಿಂದ ಹೇಳಿಕೊಂಡರೆ, ಅದರಲ್ಲೊಂದು ವಾಕ್ಯ ಸಂದರ್ಭ ಕಳಚಿ ಅಲೆದಾಡಿದರೆ, ಆ ಮನೆಗೆ ಒದಗುವ ವಿಪತ್ತು ಎಂಥದು? ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ತಿಳಿಸಿರುವುದು ಇಲ್ಲಿ ನೆನಪಾಗಬೇಕು.

ಉಳಿದದ್ದು ನ್ಯಾಸಾಪಹಾರ. ನ್ಯಾಸವೆಂದರೆ ಒತ್ತೆ, ಠೇವಣಿ. ಇಟ್ಟವನು ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು “ಹೌದು, ಅಷ್ಟೇ” ಎಂದು ಸುಮ್ಮನಾಗುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಅತಿಚಾರವೆಂದು ವಿವರಿಸುತ್ತಾರೆ. ಮುದ್ರಿತ ಧ್ವನಿಯೂ ನ್ಯಾಸವೇ. ಎರಡನೆಯ ಗಂಟೆಯಲ್ಲಿ ತಾನೇನು ಹೇಳಿದೆನೆಂಬುದನ್ನು ಅಜ್ಜ ಮರೆತಿರುತ್ತಾನೆ, ಮುದ್ರಿಸಿದವನು ಮರೆತಿರುವುದಿಲ್ಲ. ಬಾನುಲಿಯ ನಿಯಮವು ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾಯ್ದಿಡಲು ಹೇಳುತ್ತದೆ. ಪಾಡ್‌ಕಾಸ್ಟಿಗೆ ಅಂತಹ ಗಡುವಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಅದು ಕೇಳಿಸೀತು. ಒಂದು ಸಂಜೆಯ ಪ್ರಸಾರಕ್ಕೆಂದು ಕೊಟ್ಟ ಒಪ್ಪಿಗೆಯನ್ನು ಶಾಶ್ವತದ ಒಪ್ಪಿಗೆಯೆಂದು ಬಳಸುವುದು, ಕಡಿಮೆ ಕೇಳಿದವನಿಗೆ “ಅಷ್ಟೇ” ಎಂದಂತೆಯೇ.

ಹಾಗಾದರೆ ಆಡಿದವರು ಹಿಂದೆಗೆದುಕೊಂಡ ಮಾತೆಲ್ಲವೂ ಅಳಿಯಲೇಬೇಕೇ? ಕಠಿಣವಾದ ಪ್ರಸಂಗವೊಂದಿದೆ. ಬಸದಿಯ ಧರ್ಮದರ್ಶಿಯೊಬ್ಬರು ಸಂದರ್ಶನದ ಭರದಲ್ಲಿ, ಜೀರ್ಣೋದ್ಧಾರದ ಹಣ ಬೇರೆಡೆಗೆ ಹೋದುದನ್ನು ಬಾಯಿಬಿಟ್ಟು, ಮರುದಿನ ಅದನ್ನು ತೆಗೆಯಿರೆಂದು ಕೈಮುಗಿದರೆ? ಇಲ್ಲಿ ನ್ಯಾಸಗಳು ಎರಡು. ಧ್ವನಿ ಅವರ ನ್ಯಾಸ. ಲೆಕ್ಕ ಸಮಾಜದ ನ್ಯಾಸ. ಧ್ವನಿಯನ್ನು ಮರಳಿ ಕೇಳುವ ಹಕ್ಕು ಅವರಿಗಿದೆ, ಲೆಕ್ಕವನ್ನು ಮುಚ್ಚುವ ಹಕ್ಕಿಲ್ಲ. ಸಂದರ್ಶಕನು ಆ ಮಾತನ್ನು ಪ್ರಸಾರ ಮಾಡದಿರಲಿ. ಆದರೆ ಶ್ರಾವಕನಾಗಿ, ಟ್ರಸ್ಟಿನ ಸಭೆಯಲ್ಲಿ ಎದ್ದು ನಿಂತು ಲೆಕ್ಕವನ್ನು ಕೇಳಲಿ. ಮರೆಯಲ್ಲಿ ಹಿಡಿದ ಮಾತಿನಿಂದ ಒಬ್ಬನನ್ನು ಬೀಳಿಸುವುದು ಸುಲಭ. ಮುಖಾಮುಖಿ ಪ್ರಶ್ನಿಸುವುದು ಕಷ್ಟ. ವ್ರತವು ಕಷ್ಟದ ದಾರಿಯನ್ನೇ ತೋರಿಸುತ್ತದೆ. ಮೌನವನ್ನು ಸೌಜನ್ಯವೆಂದು ಭಾವಿಸಿ ಎರಡನ್ನೂ ಬಿಟ್ಟವನು ಒಂದು ನ್ಯಾಸವನ್ನು ಉಳಿಸಿ ಇನ್ನೊಂದನ್ನು ಕಳೆದಂತಾಯಿತು.

ಸಂದರ್ಶನಕ್ಕೆ ತೊಡಗುವ ಟ್ರಸ್ಟುಗಳು ನಾಲ್ಕು ನಿಯಮಗಳನ್ನು ಮಾಡಿಕೊಂಡರೆ ಸಾಕಾದೀತು. ಮಾತು ಎಲ್ಲೆಲ್ಲಿ, ಎಷ್ಟು ಕಾಲ ಕೇಳಿಸುವುದೆಂಬುದನ್ನು ಮುದ್ರಿಸುವ ಮೊದಲೇ, ಆಡುವವರ ಭಾಷೆಯಲ್ಲಿ ತಿಳಿಸುವುದು. ಸಂಕಲಿತ ರೂಪವನ್ನು ಪ್ರಸಾರಕ್ಕೆ ಮುನ್ನ ಅವರಿಗೆ ಕೇಳಿಸುವುದು. ಬಾನುಲಿಗೆ ಒಮ್ಮೆ, ಪಾಡ್‌ಕಾಸ್ಟಿಗೆ ಮತ್ತೊಮ್ಮೆ ಒಪ್ಪಿಗೆ ಪಡೆಯುವುದು. ಕತ್ತರಿಸದ ಮೂಲ ಮುದ್ರಣವನ್ನು ಅವರ ಒಪ್ಪಿಗೆಯಿದ್ದರೆ ಮಾತ್ರ, ಬಸದಿಯ ದಾಖಲೆಗಳ ಜೊತೆ ಜೋಪಾನವಾಗಿ ಇಡುವುದು. ಇದರಿಂದ ಕಾರ್ಯಕ್ರಮಗಳ ಸಂಖ್ಯೆ ಇಳಿಯಬಹುದು, ಕೆಲವು ಸ್ವಾರಸ್ಯಗಳು ತಪ್ಪಿಹೋಗಬಹುದು. ಆದರೆ ಒಮ್ಮೆ ಮಾತು ಕೊಟ್ಟ ಅಜ್ಜಿ ಎರಡನೆಯ ಬಾರಿ ಬಾಗಿಲಿಗೆ ಬಂದವರನ್ನು ಹಿಂಜರಿಯದೆ ಒಳಗೆ ಕರೆದು ಚಾಪೆ ಹಾಸುವಳು.