ರೂಪಮದ ಮತ್ತು ಉದ್ದಾಯನ ಮಹಾರಾಜನ ಮನೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನಕ್ಕೆ ಕಳಂಕ ತರುವ ಎಂಟು ಮದಗಳನ್ನು ಹೇಳಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು ಇವುಗಳ ಕೊನೆಗೆ ಬರುವುದು ಶರೀರದ ಮದ, ಅಂದರೆ ರೂಪಮದ. ಕೊನೆಗೆ ಹೇಳಿದ ಮಾತ್ರಕ್ಕೆ ಅದು ಚಿಕ್ಕದೆಂದು ತಿಳಿಯಬಾರದು. ವಿದ್ಯೆಯ ಮದಕ್ಕೆ ವಿದ್ಯೆ ಬೇಕು, ಸಂಪತ್ತಿನ ಮದಕ್ಕೆ ಸಂಪತ್ತು ಬೇಕು. ರೂಪದ ಮದಕ್ಕೆ ಗೋಡೆಯ ಮೇಲೊಂದು ಕನ್ನಡಿ ಸಾಕು.

ಈ ಮದವು ಶ್ರಾವಕರ ಮನೆಗಳಲ್ಲಿ ಎದ್ದು ಕಾಣುವುದು ಕನ್ಯೆ ನೋಡುವ ಸಮಯದಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಜೈನ ಮನೆತನಗಳಲ್ಲಿ ಕನ್ನಡದವರೂ ಮರಾಠಿಯವರೂ ಬೀಗತನ ಬೆಳೆಸುತ್ತಾರೆ. ಮನೆಮಾತು ಬೇರೆಯಾದರೂ ಣಮೋಕಾರ ಮಂತ್ರ ಒಂದೇ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಭಾಷೆಗೆ ದೊರೆಯುವ ಈ ಔದಾರ್ಯ ಮೈಬಣ್ಣಕ್ಕೆ ದೊರೆಯುವುದಿಲ್ಲ! ಅಂಗಡಿಯಲ್ಲಿ ಒಂದು ಸೀರೆ ಕೊಳ್ಳುವಾಗ ಮಡಿಕೆ ಬಿಚ್ಚಿಸಿ, ನೂಲು ಮುಟ್ಟಿ, ಒಗೆದರೆ ಬಣ್ಣ ನಿಲ್ಲುವುದೇ ಎಂದು ಹತ್ತು ಸಲ ವಿಚಾರಿಸುವ ಜಾಣರೇ ಮನೆಗೆ ಬರುವ ಸೊಸೆಯನ್ನು ಒಂದು ಭಾವಚಿತ್ರ ನೋಡಿ ನಿರ್ಧರಿಸಿಬಿಡುತ್ತಾರೆ. "ಬಣ್ಣ ಸ್ವಲ್ಪ ಕಡಿಮೆ" ಎಂಬ ಒಂದೇ ಮಾತಿಗೆ ಗುಣವಂತೆಯಾದ ಕನ್ಯೆಯೊಬ್ಬಳು ತವರಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿ ಮಾತನ್ನು ಸೋಸುವವರು ಯಾರು?

ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಅದೇ ಗ್ರಂಥದಲ್ಲಿ ಉದ್ದಾಯನ ಮಹಾರಾಜನ ಹೆಸರಿದೆ. ಶರೀರವು ಸ್ವಭಾವತಃ ಅಶುಚಿ. ರತ್ನತ್ರಯದಿಂದಲೇ ಅದಕ್ಕೆ ಪಾವಿತ್ರ್ಯ. ಆದ್ದರಿಂದ ಜುಗುಪ್ಸೆ ಪಡದೆ ಗುಣದಲ್ಲಿ ಪ್ರೀತಿಯಿಡುವುದೇ ಈ ಅಂಗ. ಕಥೆ ಎಲ್ಲರಿಗೂ ತಿಳಿದದ್ದೇ. ಇಂದ್ರಸಭೆಯಲ್ಲಿ ರಾಜನ ಪ್ರಶಂಸೆ ಕೇಳಿದ ವಾಸವನೆಂಬ ದೇವನು ಕುಷ್ಠರೋಗಿಯಾದ ಮುನಿಯ ರೂಪದಲ್ಲಿ ಬಂದನು. ರಾಜನೂ ರಾಣಿ ಪ್ರಭಾವತಿಯೂ ಭಕ್ತಿಯಿಂದ ಆಹಾರ ನೀಡಿದರು. ಉಂಡದ್ದೆಲ್ಲವನ್ನೂ ಆತ ಅಲ್ಲಿಯೇ ವಾಂತಿ ಮಾಡಿದನು. ದುರ್ಗಂಧ ತಾಳಲಾರದೆ ಪರಿಜನರು ಓಡಿಹೋದರು. ರಾಜದಂಪತಿಗಳ ಮೈಮೇಲೆಯೇ ಮತ್ತೆ ವಾಂತಿಯಾಯಿತು. ಆಗ ರಾಜನು ಮುಖ ಸಿಂಡರಿಸಲಿಲ್ಲ. "ಅಯ್ಯೋ, ಪ್ರಕೃತಿಗೆ ಒಗ್ಗದ ಆಹಾರವನ್ನು ಕೊಟ್ಟೆನಲ್ಲಾ" ಎಂದು ತನ್ನನ್ನೇ ನಿಂದಿಸಿಕೊಳ್ಳುತ್ತಾ ಮುನಿಯ ದೇಹವನ್ನು ತೊಳೆಯತೊಡಗಿದನು. ದೇವನು ನಿಜರೂಪ ತೋರಿ ಆತನನ್ನು ಕೊಂಡಾಡಿದನು.

ಕೇಳುವವರು ದೇವನ ಪರೀಕ್ಷೆಯನ್ನು ನೆನಪಿಡುತ್ತಾರೆ, ತೊಳೆದ ಕೈ ಯಾರದೆಂಬುದನ್ನು ಮರೆಯುತ್ತಾರೆ. ಸೇವಕರಿದ್ದ ಅರಮನೆಯಲ್ಲಿ ರಾಜನು ರಾಣಿಯೊಬ್ಬಳಿಗೇ ಆ ಕೆಲಸ ಬಿಟ್ಟು ಹೊರನಡೆಯಲಿಲ್ಲ. ಇಂದು ಹಾಸಿಗೆ ಹಿಡಿದ ತಂದೆಯ ಸೇವೆಯನ್ನು ಸೊಸೆಗೆ ವಹಿಸಿ, ತಾನು ಪಂಚಕಲ್ಯಾಣಕ್ಕೆ ಚಂದಾ ಬರೆಸಿ ತೃಪ್ತನಾಗುವ ಮಗನು ಈ ಭಾಗವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಅದು ಮುನಿಸೇವೆಯೇ ಹೌದು. ಆದರೆ ಮುನಿಗಳು ಊರಿಗೆ ಬರುವುದು ಅಪರೂಪ, ಮನೆಯ ಮುದುಕಿ ಮಾತ್ರ ದಿನವೂ ಮೂಲೆಯ ಕೋಣೆಯಲ್ಲಿರುತ್ತಾಳೆ. ಆ ಅಭ್ಯಾಸವನ್ನು ಬೇರೆಲ್ಲಿ ಕಲಿಯಬೇಕು?

ಸೂರ್ಯಾಸ್ತಕ್ಕೆ ಮುನ್ನ ಅತ್ತೆಗೆ ಉಣಿಸಿ ಆಮೇಲೆ ತಾನು ಉಣ್ಣುವ ಸೊಸೆ, ತಂದೆಯ ಕಾಲು ತೊಳೆದು ಅಂಗಡಿಗೆ ಹೋಗುವ ಮಗ, ಕಣ್ಣು ಮಂಜಾದ ಅಜ್ಜಿಗೆ ತನ್ನ ಮರಾಠಿ ಉಚ್ಚಾರದಲ್ಲಿಯೇ ಕನ್ನಡ ಪುರಾಣ ಓದಿ ಹೇಳುವ ಮೊಮ್ಮಗಳು. ಇವರ ಚೆಲುವು ಯಾವ ಭಾವಚಿತ್ರದಲ್ಲಿಯೂ ಮೂಡುವುದಿಲ್ಲ. ಅಜ್ಜಿ ಉಚ್ಚಾರ ತಿದ್ದುತ್ತಾಳೆ, ಹುಡುಗಿ ನಗುತ್ತಾಳೆ, ಓದು ಮುಂದುವರಿಯುತ್ತದೆ.

ಉತ್ಸವದ ದಿನಗಳಲ್ಲಿ ಬಸದಿಯ ಮೆಟ್ಟಿಲು ಹತ್ತಲಾರದ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಅಭಿಷೇಕ ಮುಗಿದ ಕೂಡಲೇ ಸ್ವಲ್ಪ ಗಂಧೋದಕವನ್ನು ಚಿಕ್ಕ ಪಾತ್ರೆಯಲ್ಲಿ ಪಡೆದು ಮನೆಗೆ ಒಯ್ದು, ಮೊದಲು ಅವರ ಹಣೆಗೆ ಹಚ್ಚಿರಿ.