ಗಾಯದ ಗುರುತೋ, ದೋಷವೋ?

ಹೊಸ ಚರ್ಮದ ಸೋಫಾ ಮನೆಗೆ ಬಂದ ದಿನ ನಾವು ಅದರ ಮೇಲೆ ಕೂರುವ ಮೊದಲು ಕಲೆ ಹುಡುಕುತ್ತೇವೆ. ಕೊಟ್ಟ ಹಣ ಸಣ್ಣದಲ್ಲ. ಹುಡುಕುವುದು ತಪ್ಪೂ ಅಲ್ಲ. ಆದರೆ ದೋಷವೆನ್ನಬೇಕಾದದ್ದು ಯಾವುದನ್ನು?

ಉಣ್ಣಿ ಕಚ್ಚಿದ ಚುಕ್ಕೆ, ಮುಳ್ಳುತಂತಿ ಗೀರಿದ ಗೆರೆ, ಕತ್ತಿನ ಸುಕ್ಕು, ಇವೆಲ್ಲ ಆ ಪ್ರಾಣಿ ಬದುಕಿದ್ದರ ಗುರುತುಗಳು. ಇವನ್ನೂ ಸಹಿಸದ ನಮಗಾಗಿಯೇ ಕಾರ್ಖಾನೆಗಳು ಚರ್ಮದ ಮೇಲ್ಪದರವನ್ನು ಉಜ್ಜಿ, ಬಣ್ಣ ಬಳಿದು, ಅಚ್ಚೊತ್ತಿ ಹೊಸ ಮೈ ಕೊಡುತ್ತವೆ. ಇನ್ನೊಂದು ಬಗೆಯದು ಚರ್ಮದ ಚೂರುಗಳನ್ನು ಪುಡಿಮಾಡಿ, ಅಂಟು ಬೆರೆಸಿ, ಪ್ಲಾಸ್ಟಿಕ್ ಪದರ ಹೊದಿಸಿದ್ದು. ನೋಡಲು ಒಂದೂ ಕಲೆಯಿಲ್ಲ. ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳತೊಡಗುತ್ತದೆ. ಅದನ್ನು ಅಪ್ಪಟ ಚರ್ಮವೆಂದು ಮಾರಿದರೆ ಅದು ಮೋಸ.

ಮಾರುವವನು ಸರಕಿನ ಐಬು ಮುಚ್ಚಿಡಬಾರದು. ಮುಚ್ಚಿಟ್ಟದ್ದು ಬಯಲಾದರೆ ಕೊಂಡವನು ಹಿಂದಿರುಗಿಸಬಹುದು. ಫಿಕ್ಹ್ ಇದನ್ನು 'ಖಿಯಾರುಲ್ ಐಬ್' ಎನ್ನುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ಈ ಹಕ್ಕನ್ನು ಸಂಕೋಚವಿಲ್ಲದೆ ಕೇಳೋಣ.

ಆದರೆ ಪ್ರಾಮಾಣಿಕತೆ ಮಾರುವವನೊಬ್ಬನ ಹೊಣೆಯಲ್ಲ. ಬಿಟ್ಟುಹೋದ ಹೊಲಿಗೆಯನ್ನು ತೋರಿಸಿ ನ್ಯಾಯ ಕೇಳುವ ನಾವೇ, ಪ್ರಾಣಿಯ ಹಳೆಯ ಗಾಯವನ್ನು ತೋರಿಸಿ ಬೆಲೆ ಇಳಿಸಲು ಹೊರಟರೆ? ಆ ನಷ್ಟ ಅಂಗಡಿಯಲ್ಲೇ ನಿಲ್ಲುತ್ತದೆಂಬ ಭರವಸೆಯಿಲ್ಲ. ಹೊಲಿದವನ ಕೂಲಿಗೂ ಕತ್ತರಿ ಬಿದ್ದೀತು. ಇರುವ ಐಬನ್ನು ಮುಚ್ಚಿಡುವುದು ಮೋಸವಾದರೆ, ಇಲ್ಲದ ಐಬನ್ನು ಹೊರಿಸುವುದೂ ಮೋಸವೇ. ಬೆರಳು ತೋರಿಸುವ ಮುನ್ನ ನಾವು ಇಷ್ಟು ಯೋಚಿಸಿದರೆ ಸಾಕು.